ಕೆಡವುವ ಮುನ್ನ ಕೇಳಬೇಕಾದ ಲೆಕ್ಕ

ಪ್ರಶ್ನೆ: ನಾವು ವಾಸಿಸುವ ಹಳೆಯ ಬಡಾವಣೆಯನ್ನು ಕೆಡವಿ ಹೊಸದಾಗಿ ಕಟ್ಟುವ ಯೋಜನೆಯನ್ನು ನಗರಾಡಳಿತ ಪ್ರಕಟಿಸಿದೆ. ಕಟ್ಟುವ ಹೊಣೆ ಖಾಸಗಿ ಕಂಪನಿಯದು, ನಕ್ಷೆ ತಯಾರಿಸಿದವರು ಅನುಭವಿ ತಜ್ಞರು, ಒಪ್ಪಿಗೆ ಕೊಟ್ಟವರು ನಾವೇ ಆರಿಸಿ ಕಳುಹಿಸಿದ ಸದಸ್ಯರು. ಆದರೂ ಬಡಾವಣೆಯ ಕೆಲವರು ಕಡತ ತೋರಿಸಿ, ಲೆಕ್ಕ ಕೊಡಿ ಎಂದು ಪಟ್ಟು ಹಿಡಿದಿದ್ದಾರೆ. ಇದು ಒಳ್ಳೆಯ ಕೆಲಸಕ್ಕೆ ಅಡ್ಡಗಾಲು ಹಾಕಿದಂತೆ ಅಲ್ಲವೇ? ಕೆಲಸ ಕೆಟ್ಟರೆ ಮುಂದಿನ ಚುನಾವಣೆಯಲ್ಲಿ ಸದಸ್ಯರನ್ನು ಬದಲಾಯಿಸಿದರೆ ಸಾಲದೇ?

ಉತ್ತರ: ನಿಮ್ಮ ಪ್ರಶ್ನೆಯಲ್ಲಿ ಮೂರು ನಂಬಿಕೆಗಳಿವೆ. ಚುನಾವಣೆ ತಪ್ಪನ್ನು ತಿದ್ದುತ್ತದೆ, ತಜ್ಞರಿಗೆ ವಿಷಯ ಗೊತ್ತಿರುತ್ತದೆ, ಕಂಪನಿ ತನ್ನ ಕರಾರಿನಂತೆ ಕೆಲಸ ಮುಗಿಸುತ್ತದೆ. ನಗರಾಡಳಿತದ ನಿತ್ಯದ ಕೆಲಸಗಳ ಮಟ್ಟಿಗೆ ಈ ನಂಬಿಕೆಗಳಲ್ಲಿ ತಪ್ಪೇನಿಲ್ಲ. ಬೀದಿದೀಪ ಉರಿಯದಿದ್ದರೆ, ಚರಂಡಿ ಕಟ್ಟಿಕೊಂಡರೆ, ರಸ್ತೆಗೆ ಹಾಕಿದ ಡಾಂಬರು ಒಂದೇ ಮಳೆಗೆ ಕಿತ್ತುಬಂದರೆ ತಡವಾಗಿಯಾದರೂ ಸರಿಪಡಿಸಬಹುದು, ಸರಿಪಡಿಸದವರನ್ನು ಮನೆಗೆ ಕಳುಹಿಸಬಹುದು. ಬಡಾವಣೆಯನ್ನೇ ಕೆಡವಿ ಕಟ್ಟುವ ಕೆಲಸ ಈ ಜಾತಿಗೆ ಸೇರಿದ್ದಲ್ಲ. ಅಲ್ಲಿ ಮೊದಲ ಹೆಜ್ಜೆಯೇ ಹಿಂತೆಗೆದುಕೊಳ್ಳಲಾಗದ ಹೆಜ್ಜೆ.

ಇಂಥ ಯೋಜನೆಯ ಕಾಲಗತಿಯನ್ನು ಗಮನಿಸಿ. ಬಡಾವಣೆ ಶಿಥಿಲವಾಗಿದೆ ಎಂಬ ಠರಾವು, ಮನೆಗಳ ಸಮೀಕ್ಷೆ, ಕಂಪನಿಯೊಂದಿಗೆ ಒಡಂಬಡಿಕೆ, ನಿವಾಸಿಗಳ ತೆರವು ಮತ್ತು ನೆಲಸಮ, ಇವಿಷ್ಟೂ ಒಂದೇ ಆಡಳಿತಾವಧಿಯಲ್ಲಿ ಮುಗಿದುಹೋಗಬಹುದು. ಆದರೆ ಭರವಸೆ ಕೊಟ್ಟಷ್ಟು ಮನೆಗಳು ಬಂದವೇ, ಹೋದವರು ಮರಳಿದರೇ, ಸಾರ್ವಜನಿಕ ಹಣಕ್ಕೆ ತಕ್ಕ ಪ್ರತಿಫಲ ಸಿಕ್ಕಿತೇ ಎಂಬುದು ತಿಳಿಯಲು ಹತ್ತು ಹದಿನೈದು ವರ್ಷ ಬೇಕು. ಅಷ್ಟರಲ್ಲಿ ಕೈ ಎತ್ತಿದ ಸದಸ್ಯರು ಸಭೆಯಲ್ಲಿರುವುದಿಲ್ಲ, ಸಹಿ ಹಾಕಿದ ಅಧಿಕಾರಿಗೆ ವರ್ಗವಾಗಿರುತ್ತದೆ. ಇದಕ್ಕಿಂತ ಮುಖ್ಯವಾದ, ಸಾಮಾನ್ಯವಾಗಿ ಯಾರೂ ಹೇಳದ ಸಂಗತಿ ಇನ್ನೊಂದಿದೆ. ಮತ ಹಾಕಿ ಶಿಕ್ಷಿಸಬೇಕಾಗಿದ್ದ ಮತದಾರರೂ ಅಲ್ಲಿ ಉಳಿದಿರುವುದಿಲ್ಲ. ಎತ್ತಂಗಡಿಯಾದವರ ಹೆಸರು ಬೇರೆ ಬೇರೆ ವಾರ್ಡುಗಳ ಪಟ್ಟಿಗಳಲ್ಲಿ ಹಂಚಿಹೋಗಿರುತ್ತದೆ. ಹಳೆಯ ವಾರ್ಡಿನಲ್ಲಿ ಈಗ ಮತ ಹಾಕುವವರು ಆ ಯೋಜನೆಯಿಂದಲೇ ಅಲ್ಲಿಗೆ ಬಂದವರು. ತನ್ನನ್ನು ವಿಚಾರಿಸಬೇಕಾದ ಮತದಾರರನ್ನೇ ಚದುರಿಸಿಬಿಡುವ ಇಂಥ ನಿರ್ಧಾರ ನಗರಾಡಳಿತದ ಕೈಯಲ್ಲಿ ಇನ್ನೊಂದಿಲ್ಲ. ಹೀಗಾಗಿ ಮುಂದಿನ ಚುನಾವಣೆಗೆ ಕಾಯುವುದೆಂದರೆ ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದಂತೆ. ಇಲ್ಲಿ ಲೆಕ್ಕ ಕೇಳುವ ಕಾಲ ಯಾವುದಾದರೂ ಇದ್ದರೆ ಅದು ಕೆಡವುವುದಕ್ಕೆ ಮುಂಚಿನ ಕಾಲ.

ಅಮೆರಿಕದ ಬಾಸ್ಟನ್ ನಗರದ ವೆಸ್ಟ್ ಎಂಡ್ ಬಡಾವಣೆಯ ಕಥೆಯನ್ನು ನಗರ ಯೋಜನೆಯ ನಮ್ಮ ವೃತ್ತಿಯವರು ಮೊದಲ ಪಾಠವಾಗಿ ಓದುತ್ತೇವೆ. 1949ರ ವಸತಿ ಕಾಯ್ದೆಯ ಪ್ರಕಾರ, ಕೊಳೆಗೇರಿ ಎಂದು ಘೋಷಿಸಿದ ಪ್ರದೇಶವನ್ನು ನಗರವು ಕೊಂಡು, ಕೆಡವಿ, ಕಡಿಮೆ ಬೆಲೆಗೆ ಖಾಸಗಿಯವರಿಗೆ ಮಾರಿದಾಗ ಆಗುವ ನಷ್ಟದ ಮೂರನೇ ಎರಡು ಭಾಗವನ್ನು ಕೇಂದ್ರ ಸರ್ಕಾರ ತುಂಬಿಕೊಡುತ್ತಿತ್ತು. ಅಂದರೆ ಒಂದು ಬಡಾವಣೆಗೆ ಕೊಳೆಗೇರಿ ಎಂಬ ಹಣೆಪಟ್ಟಿ ಹಚ್ಚಿದೊಡನೆ ನಗರಕ್ಕೆ ಹಣ ಬರುವ ದಾರಿ ತೆರೆಯುತ್ತಿತ್ತು. ವೆಸ್ಟ್ ಎಂಡ್‌ಗೆ ಆ ಪಟ್ಟಿ ಬಿತ್ತು. 1958ರಿಂದ 1960ರ ನಡುವೆ ಸುಮಾರು 2,700 ಕುಟುಂಬಗಳು ತೆರವಾದವು. ಕೆಡವುವ ಮುನ್ನ ಕೆಲವು ತಿಂಗಳು ಅಲ್ಲೇ ಮನೆ ಮಾಡಿಕೊಂಡಿದ್ದ ಸಮಾಜಶಾಸ್ತ್ರಜ್ಞ ಹರ್ಬರ್ಟ್ ಗ್ಯಾನ್ಸ್, ಅದು ಕೊಳೆಗೇರಿಯಲ್ಲ, ಕಡಿಮೆ ಬಾಡಿಗೆಯ, ಗಟ್ಟಿಯಾದ ನೆರೆಹೊರೆಯುಳ್ಳ ಬಡಾವಣೆ ಎಂದು ತೀರ್ಮಾನಿಸಿದ್ದರು. ಯೋಜನೆಯ ಸುದ್ದಿ ಹಬ್ಬಿದ ಮೇಲೆ ಮಾಲೀಕರು ರಿಪೇರಿ ಕೈಬಿಟ್ಟಿದ್ದರು. ಹುಚ್ಚು ಬಿಡದೆ ಮದುವೆಯಾಗುವುದಿಲ್ಲ, ಮದುವೆಯಾಗದೆ ಹುಚ್ಚು ಬಿಡುವುದಿಲ್ಲ ಎಂಬಂತೆ, ಹೇಗೂ ಕೆಡವುವ ಜಾಗಕ್ಕೆ ರಿಪೇರಿಯೇಕೆ ಎಂದು ಒಂದು ಕಡೆ, ರಿಪೇರಿಯಿಲ್ಲದ ಜಾಗವನ್ನು ಕೆಡವದೆ ಇನ್ನೇನು ಎಂದು ಇನ್ನೊಂದು ಕಡೆ. ಅಲ್ಲಿ ಎದ್ದು ನಿಂತ ಕಟ್ಟಡಗಳ ಬಾಡಿಗೆ ಹಳೆಯ ನಿವಾಸಿಗಳ ಕೈಗೆ ಎಟುಕುವಂತಿರಲಿಲ್ಲ. 2015ರಲ್ಲಿ, ಅರ್ಧ ಶತಮಾನ ಕಳೆದ ಮೇಲೆ, ಆ ನಗರದ ಪುನರಭಿವೃದ್ಧಿ ಪ್ರಾಧಿಕಾರದ ನಿರ್ದೇಶಕರು ಬಹಿರಂಗವಾಗಿ ಕ್ಷಮೆ ಕೇಳಿದರು. ಕ್ಷಮೆ ಕೇಳಿದ್ದು ದೊಡ್ಡತನವೇ ಸರಿ. ಆದರೆ ಅದನ್ನು ಸ್ವೀಕರಿಸಲು ಆ ಕುಟುಂಬಗಳ ಹಿರಿಯರಲ್ಲಿ ಎಷ್ಟು ಮಂದಿ ಉಳಿದಿದ್ದಾರು ಎಂದು ನೀವೇ ಊಹಿಸಬಹುದು.

ಆದ್ದರಿಂದ ನಿಮ್ಮ ನೆರೆಯವರು ಕೇಳಬೇಕಾದ ಮೊದಲ ಲೆಕ್ಕ ಹಣದ್ದಲ್ಲ, ‘ಶಿಥಿಲ’ ಎಂಬ ಪದದ್ದು. ಆ ಪದವನ್ನು ಯಾರು, ಯಾವ ಅಳತೆಗೋಲಿನಿಂದ, ಯಾವ ದಿನ ಬರೆದರು? ಪ್ರತಿ ಕಟ್ಟಡವನ್ನೂ ಎಂಜಿನಿಯರ್ ಒಳಹೊಕ್ಕು ನೋಡಿದರೇ, ಅಥವಾ ನಕ್ಷೆಯ ಮೇಲೆ ಗೆರೆ ಎಳೆದು ಒಳಗಿರುವುದೆಲ್ಲ ಶಿಥಿಲ ಎಂದು ಷರಾ ಬರೆದರೇ? ಇದು ಕೊಂಕು ತೆಗೆಯುವ ಪ್ರಶ್ನೆಯಲ್ಲ. ವಾಷಿಂಗ್ಟನ್ ನಗರದ ಅಂಗಡಿಯೊಂದರ ಮಾಲೀಕರ ಕಡೆಯವರು ತಮ್ಮ ಕಟ್ಟಡ ಚೆನ್ನಾಗಿಯೇ ಇದೆ, ಅದನ್ನೇಕೆ ವಶಪಡಿಸಿಕೊಳ್ಳುತ್ತೀರಿ ಎಂದು ಅಮೆರಿಕದ ಸುಪ್ರೀಂ ಕೋರ್ಟಿನವರೆಗೆ ಹೋದಾಗ, 1954ರಲ್ಲಿ ನ್ಯಾಯಾಲಯವು ಒಮ್ಮತದಿಂದ, ಕಟ್ಟಡವನ್ನು ಬಿಡಿಯಾಗಿ ನೋಡಬೇಕಾಗಿಲ್ಲ, ಪ್ರದೇಶವನ್ನು ಇಡಿಯಾಗಿ ನೋಡಿ ನಿರ್ಧರಿಸಬಹುದು ಎಂದು ಹೇಳಿತು. ಇದರ ಅರ್ಥ ಸ್ಪಷ್ಟ. ಗೆರೆ ಎಳೆಯುವ ಕ್ಷಣದಲ್ಲಿ ಆಕ್ಷೇಪಿಸದಿದ್ದವನಿಗೆ ನ್ಯಾಯಾಲಯದಲ್ಲಿಯೂ ಹೆಚ್ಚೇನೂ ಸಿಗಲಾರದು, ಏಕೆಂದರೆ ನ್ಯಾಯಾಧೀಶರು ಆ ತೀರ್ಮಾನವನ್ನು ಚುನಾಯಿತ ಸಭೆಯ ವಿವೇಚನೆಗೆ ಬಿಡುವುದೇ ಹೆಚ್ಚು. ಆ ವಿವೇಚನೆ ಸರಿಯಾಗಿ ಬಳಕೆಯಾಗುವಂತೆ ಕಾಯುವ ಕೆಲಸ ಉಳಿದವರದು.

ಈಗ ಖಾಸಗಿ ಕಂಪನಿಯ ವಿಚಾರ. ಕಟ್ಟುವುದು ಕಂಪನಿಯಾದ್ದರಿಂದ ನಗರಾಡಳಿತವನ್ನು ಕೇಳುವುದೇನಿದೆ ಎಂಬ ಮಾತನ್ನು ನಾನು ಬಹಳ ಸಲ ಕೇಳಿದ್ದೇನೆ, ವಿದ್ಯಾವಂತರ ಬಾಯಿಂದಲೂ ಕೇಳಿದ್ದೇನೆ. ಆದರೆ ಕಂಪನಿಯ ಕೈಯಲ್ಲಿರುವುದರಲ್ಲಿ ಬೆಲೆಬಾಳುವುದೆಲ್ಲ ನಗರಾಡಳಿತ ಕೊಟ್ಟದ್ದು. ಜಾಗವನ್ನು ಒಟ್ಟುಗೂಡಿಸಿ ಕೊಡುವ ಅಧಿಕಾರ ಸಾರ್ವಜನಿಕರದು. ಅದೇ ಜಾಗದಲ್ಲಿ ನಾಲ್ಕು ಮಹಡಿಯ ಬದಲು ಇಪ್ಪತ್ತು ಮಹಡಿ ಕಟ್ಟಲು ಕೊಡುವ ಅನುಮತಿಯೂ ಸಾರ್ವಜನಿಕರದೇ. ಒಂದು ಇಟ್ಟಿಗೆಯೂ ಏಳುವ ಮೊದಲೇ, ಆ ಒಂದು ಸಹಿಯಿಂದ ನೆಲದ ಬೆಲೆ ಹಲವು ಪಟ್ಟು ಏರುತ್ತದೆ. ಏರಿದ ಬೆಲೆ ಯಾರ ಜೇಬಿಗೆ ಎಷ್ಟು ಹೋಯಿತು ಎಂಬುದೇ ಪುನರಭಿವೃದ್ಧಿಯ ಅರ್ಥಶಾಸ್ತ್ರದ ತಿರುಳು. ಬ್ರೆಜಿಲಿನ ಸಾವೊ ಪಾಲೊ ನಗರ ಈ ಸಂಗತಿಯನ್ನು ನೇರವಾಗಿ ಒಪ್ಪಿಕೊಂಡು, 2004ರಿಂದ ಹೆಚ್ಚುವರಿ ಕಟ್ಟಡದ ಹಕ್ಕನ್ನು ಪ್ರಮಾಣಪತ್ರಗಳ ರೂಪದಲ್ಲಿ ಬಹಿರಂಗ ಹರಾಜಿನಲ್ಲಿ ಮಾರುತ್ತ ಬಂದಿದೆ. ಬಂದ ಹಣವನ್ನು ಆಯಾ ಯೋಜನಾ ಪ್ರದೇಶದಲ್ಲಿಯೇ ಖರ್ಚು ಮಾಡಬೇಕು ಎಂಬ ನಿಯಮವೂ ಇದೆ. ಆ ಪದ್ಧತಿಗೆ ಅದರದೇ ದೋಷಗಳಿವೆ, ಹಣವಂತರ ಪ್ರದೇಶಗಳಿಗೇ ಹೂಡಿಕೆ ಹರಿಯುತ್ತದೆ ಎಂಬ ಟೀಕೆಯೂ ಇದೆ. ಆದರೂ ಮಹಡಿಗೆ ಬೆಲೆಯಿದೆ, ಆ ಬೆಲೆ ಊರಿಗೆ ಸೇರಿದ್ದು ಎಂಬುದನ್ನು ಅದು ಎಲ್ಲರ ಕಣ್ಣಿಗೂ ಕಾಣುವಂತೆ ಮಾಡಿತು. ಹರಾಜಿಲ್ಲದ ಕಡೆ ಅದೇ ಹಕ್ಕು ಒಡಂಬಡಿಕೆಯ ಯಾವುದೋ ಅನುಬಂಧದಲ್ಲಿ ಸದ್ದಿಲ್ಲದೆ ಕೈ ಬದಲಾಗುತ್ತದೆ.

ಲಂಡನ್ನಿನ ಹೇಗೇಟ್ ವಸತಿ ಸಮುಚ್ಚಯದ ಲೆಕ್ಕ ಹೊರಬಿದ್ದ ಬಗೆ ಇದಕ್ಕೆ ಒಳ್ಳೆಯ ನಿದರ್ಶನ. 1974ರಲ್ಲಿ ಮುಗಿದ, ಸುಮಾರು 1,200 ಮನೆಗಳಿದ್ದ ಆ ಸಮುಚ್ಚಯವನ್ನು ಸದರ್ಕ್ ಸ್ಥಳೀಯ ಆಡಳಿತವು ತೆರವು ಮಾಡಿಸಿ, ಲೆಂಡ್ ಲೀಸ್ ಎಂಬ ಕಂಪನಿಗೆ ಮಾರಿತು. ಒಪ್ಪಂದದ ಅಂಕಿಅಂಶ ಗೋಪ್ಯವಾಗಿತ್ತು. 2013ರಲ್ಲಿ ಆಡಳಿತ ಪ್ರಕಟಿಸಿದ ಕಡತವೊಂದರಲ್ಲಿ ಅಂಕಿಗಳ ಮೇಲೆ ಬಳಿದ ಕಪ್ಪು ಸರಿಯಾಗಿ ಮುಚ್ಚಿಕೊಳ್ಳದೆ, ಮಾರಾಟದ ಬೆಲೆ 5 ಕೋಟಿ ಪೌಂಡ್ ಎಂದೂ, ಜಾಗವನ್ನು ಖಾಲಿ ಮಾಡಿಸಲು ಆಡಳಿತ ಆಗಲೇ ಸುಮಾರು 4.4 ಕೋಟಿ ಪೌಂಡ್ ಖರ್ಚು ಮಾಡಿದೆ ಎಂದೂ ಜನರಿಗೆ ತಿಳಿಯಿತು. ಹೊಸ ಯೋಜನೆಯಲ್ಲಿ ಸುಮಾರು 2,500 ಮನೆಗಳು. ಯೋಜನೆಗೆ ಒಪ್ಪಿಗೆ ಸಿಕ್ಕಾಗ ಅವುಗಳಲ್ಲಿ ಹಳೆಯ ನಿವಾಸಿಗಳಂಥವರಿಗೆ ಎಟುಕುವ ಸಾಮಾಜಿಕ ಬಾಡಿಗೆಯ ಮನೆಗಳು ನೂರನ್ನೂ ಮುಟ್ಟಿರಲಿಲ್ಲ. ಅಷ್ಟು ಕಡಿಮೆ ಏಕೆಂದರೆ, ಅದಕ್ಕಿಂತ ಹೆಚ್ಚು ಕೊಟ್ಟರೆ ಯೋಜನೆ ಆರ್ಥಿಕವಾಗಿ ಗಿಟ್ಟುವುದಿಲ್ಲ ಎಂದು ಕಂಪನಿಯ ಕಾರ್ಯಸಾಧ್ಯತಾ ವರದಿ ಹೇಳಿತ್ತು. ಆ ವರದಿಯನ್ನು ತೋರಿಸಿ ಎಂದು ನಿವಾಸಿಯೊಬ್ಬರು ಮಾಹಿತಿ ಹಕ್ಕಿನ ನ್ಯಾಯಮಂಡಳಿಗೆ ಹೋಗಬೇಕಾಯಿತು, 2014ರಲ್ಲಿ ಅದರ ಹೆಚ್ಚಿನ ಭಾಗ ಬಹಿರಂಗವಾಗಬೇಕು ಎಂದು ಆದೇಶವಾಯಿತು. ಒಬ್ಬರು ಹಿಡಿದ ಹಟದಿಂದ ಶುರುವಾದ ಆ ಚರ್ಚೆಯ ಬೆನ್ನಲ್ಲೇ, 2017ರಲ್ಲಿ ಲಂಡನ್ ಮೇಯರ್ ಹೊರಡಿಸಿದ ಮಾರ್ಗಸೂಚಿಯು ಇಂಥ ವರದಿಗಳನ್ನು ಸಾರ್ವಜನಿಕರ ಮುಂದಿಡುವುದನ್ನೇ ಸಾಮಾನ್ಯ ನಿಯಮವಾಗಿ ಮಾಡಿತು. ಆದರೆ ಹೇಗೇಟ್‌ನವರಿಗೆ ಅದರಿಂದ ಪ್ರಯೋಜನವಾಗಲಿಲ್ಲ. ಅವರು ಅಷ್ಟರಲ್ಲಿ ದೂರದ ಬಡಾವಣೆಗಳಿಗೆ ಹೋಗಿ ನೆಲೆಸಿದ್ದರು.

ಒಡಂಬಡಿಕೆಗಳನ್ನು ಓದುವಾಗ ನನ್ನ ಕಣ್ಣು ತಾನಾಗಿಯೇ ಹುಡುಕುವ ಒಂದು ವಾಕ್ಯಖಂಡವಿದೆ: ‘ಯೋಜನೆಯ ಆರ್ಥಿಕ ಕಾರ್ಯಸಾಧ್ಯತೆಗೆ ಒಳಪಟ್ಟು’. ಮುಂದಿನ ಸಾಲಿನಲ್ಲಿ ಮೂಲ ನಿವಾಸಿಗಳಿಗೆ ಇಷ್ಟು ಮನೆ, ಶಾಲೆಗೆ ಇಷ್ಟು ಜಾಗ, ಉದ್ಯಾನಕ್ಕೆ ಇಷ್ಟು ಜಾಗ ಎಂದೆಲ್ಲ ಧಾರಾಳವಾಗಿ ಬರೆದಿರುತ್ತದೆ. ಆದರೆ ಆ ಎಲ್ಲ ಧಾರಾಳತನದ ಮೂಗುದಾರ ಈ ನಾಲ್ಕು ಪದಗಳಲ್ಲಿದೆ. ನಾಲ್ಕು ವರ್ಷ ಕಳೆದು ಉಕ್ಕಿನ ಬೆಲೆ ಏರಿತೆಂದೋ ಮನೆಗಳ ಬೇಡಿಕೆ ಇಳಿಯಿತೆಂದೋ ಕಂಪನಿ ಹೊಸ ಲೆಕ್ಕ ಮಂಡಿಸುತ್ತದೆ, ಮನೆಗಳ ಸಂಖ್ಯೆ ಇಳಿಯುತ್ತದೆ, ಉದ್ಯಾನ ಎರಡನೇ ಹಂತಕ್ಕೆ ಹೋಗುತ್ತದೆ, ಎರಡನೇ ಹಂತ ಬರುವುದೇ ಇಲ್ಲ. ಇದೆಲ್ಲ ಒಡಂಬಡಿಕೆಯ ಉಲ್ಲಂಘನೆಯಲ್ಲ, ಒಡಂಬಡಿಕೆಯ ಪಾಲನೆ. ಅದಕ್ಕೇ ನಿಮ್ಮ ನೆರೆಯವರು ಒಡಂಬಡಿಕೆಯ ಕರಡನ್ನೇ ಕೇಳಬೇಕು. ಸಹಿಯಾದ ಮೇಲೆ ಅದನ್ನು ಓದುವುದರಿಂದ ಸಿಗುವುದು ದುಃಖ ಮಾತ್ರ. ಮಾತು ತಪ್ಪಿದರೆ ಎಷ್ಟು ದಂಡ, ಲೆಕ್ಕ ಬದಲಾದರೆ ಅದನ್ನು ಯಾವ ಸ್ವತಂತ್ರ ಲೆಕ್ಕಿಗರು ಪರಿಶೀಲಿಸುತ್ತಾರೆ, ನಿರೀಕ್ಷೆಗಿಂತ ಹೆಚ್ಚು ಲಾಭ ಬಂದರೆ ಅದರಲ್ಲಿ ಊರಿನ ಪಾಲೆಷ್ಟು, ಇವು ಮೂರೂ ಅದರಲ್ಲಿರಬೇಕು. ಮೂರನೆಯದನ್ನು ಕೇಳುವವರು ಕಡಿಮೆ. ನಷ್ಟ ಬಂದಾಗ ಹಂಚಿಕೊಳ್ಳೋಣ ಎನ್ನುವ ಒಡಂಬಡಿಕೆ ಲಾಭದ ವಿಚಾರದಲ್ಲಿ ಮೌನವಾಗಿದ್ದರೆ ಅದನ್ನು ಬರೆದವರು ಯಾರ ಪರ ಎಂದು ಕೇಳುವುದರಲ್ಲಿ ತಪ್ಪಿಲ್ಲ.

ಕಂಪನಿಯ ಮೇಲಿನ ನಂಬಿಕೆ ಎಲ್ಲಿಗೆ ಮುಟ್ಟಬಹುದು ಎಂಬುದಕ್ಕೆ ಅಮೆರಿಕದ ನ್ಯೂ ಲಂಡನ್ ಎಂಬ ಪುಟ್ಟ ನಗರವಿದೆ. ಅಲ್ಲಿನ ಆಡಳಿತವು ಫೋರ್ಟ್ ಟ್ರಂಬುಲ್ ಎಂಬ ಬಡಾವಣೆಯ ಮನೆಗಳನ್ನು ವಶಪಡಿಸಿಕೊಳ್ಳುವ ಅಧಿಕಾರವನ್ನು ಒಂದು ಖಾಸಗಿ ಅಭಿವೃದ್ಧಿ ನಿಗಮಕ್ಕೆ ವಹಿಸಿತು. ಪಕ್ಕದಲ್ಲಿ ಔಷಧ ಕಂಪನಿ ಫೈಜರ್ ತನ್ನ ಸಂಶೋಧನಾ ಕೇಂದ್ರ ಕಟ್ಟುತ್ತಿತ್ತು. ಸಾವಿರಕ್ಕೂ ಹೆಚ್ಚು ಉದ್ಯೋಗ ಬರುತ್ತದೆ ಎಂಬ ಅಂದಾಜಿತ್ತು. ಮನೆಗಳು ಶಿಥಿಲವಾಗಿವೆ ಎಂಬ ಆರೋಪವೂ ಇರಲಿಲ್ಲ. ಸುಸೆಟ್ ಕೆಲೊ ಎಂಬ ದಾದಿ ತನ್ನ ಮನೆ ಬಿಡೆನೆಂದು ಸುಪ್ರೀಂ ಕೋರ್ಟಿನವರೆಗೆ ಹೋದರು. 2005ರ ಜೂನ್‌ನಲ್ಲಿ ಐದಕ್ಕೆ ನಾಲ್ಕು ಮತಗಳಿಂದ ಸೋತರು. 2009ರಲ್ಲಿ ಫೈಜರ್ ತಾನು ಆ ನಗರ ಬಿಡುವುದಾಗಿ ಪ್ರಕಟಿಸಿತು. ಮನೆಗಳಿದ್ದ ನೆಲ ಹತ್ತು ವರ್ಷಕ್ಕೂ ಹೆಚ್ಚು ಕಾಲ ಬರಿದಾಗಿ ಹುಲ್ಲು ಬೆಳೆದು ಬಿದ್ದಿತ್ತು. ಕಂಪನಿಗೆ ಹೊರಟುಹೋಗುವ ಹಕ್ಕಿತ್ತು, ಅದು ವ್ಯಾಪಾರ. ಅದರ ಮಾತನ್ನು ಆಧಾರವಾಗಿಟ್ಟುಕೊಂಡು ಜನರ ಮನೆ ಕೆಡವಿದ ಆಡಳಿತಕ್ಕೆ ಮಾತ್ರ ಉತ್ತರ ಹೇಳುವ ಹೊಣೆಯಿತ್ತು. ತೀರ್ಪಿನ ವಿರುದ್ಧ ಎದ್ದ ಆಕ್ರೋಶದಿಂದ 40ಕ್ಕೂ ಹೆಚ್ಚು ರಾಜ್ಯಗಳು ತಮ್ಮ ಭೂಸ್ವಾಧೀನದ ಕಾನೂನುಗಳನ್ನು ಒಂದಲ್ಲ ಒಂದು ಬಗೆಯಲ್ಲಿ ಬಿಗಿಗೊಳಿಸಿದವು.

ತಜ್ಞರ ವಿಚಾರವನ್ನು ಒಬ್ಬ ತಜ್ಞನಾಗಿಯೇ ಹೇಳುತ್ತೇನೆ. ನಮಗೆ ಗೊತ್ತಿರುವುದು ಬಹಳ, ಆದರೆ ಗೊತ್ತಿಲ್ಲದಿರುವುದು ಎಲ್ಲಿದೆಯೆಂದರೆ ನಾವು ಹೋಗಿ ವಾಸಿಸದ ಜಾಗದಲ್ಲಿದೆ. ಅಮೆರಿಕದ ಸೇಂಟ್ ಲೂಯಿಸ್ ನಗರದ ಪ್ರೂಯಿಟ್-ಐಗೊ ವಸತಿ ಸಮುಚ್ಚಯದಲ್ಲಿ ಹನ್ನೊಂದು ಮಹಡಿಯ 33 ಕಟ್ಟಡಗಳಿದ್ದವು, 1950ರ ದಶಕದ ನಡುವೆ ಮುಗಿದ ಅವುಗಳ ಲಿಫ್ಟುಗಳು ಉಳಿತಾಯಕ್ಕಾಗಿ 1, 4, 7 ಮತ್ತು 10ನೇ ಮಹಡಿಗಳಲ್ಲಿ ಮಾತ್ರ ನಿಲ್ಲುತ್ತಿದ್ದವು. ಕಾಗದದ ಮೇಲೆ ಅದು ಜಾಣತನ. ಆರನೇ ಮಹಡಿಯಲ್ಲಿರುವ ತಾಯಿಗೆ, ಮಗುವನ್ನು ಎತ್ತಿಕೊಂಡು, ಕೈಚೀಲ ಹಿಡಿದು, ದೀಪ ಒಡೆದುಹೋದ ಮೆಟ್ಟಿಲ ದಾರಿಯಲ್ಲಿ ಒಂದು ಮಹಡಿ ಇಳಿಯುವುದೋ ಎರಡು ಮಹಡಿ ಹತ್ತುವುದೋ ಎಂಬ ನಿತ್ಯದ ಲೆಕ್ಕಾಚಾರ. ಇನ್ನೊಂದು ತಪ್ಪು ಇದಕ್ಕಿಂತ ದೊಡ್ಡದು. ಕಟ್ಟಲು ಕೇಂದ್ರದ ಹಣವಿತ್ತು, ನಿರ್ವಹಣೆ ಮಾತ್ರ ಬಾಡಿಗೆಯ ಹಣದಿಂದಲೇ ಆಗಬೇಕಿತ್ತು. ನಗರ ಬೆಳೆಯುತ್ತದೆ ಎಂಬ ಎಣಿಕೆ ಸುಳ್ಳಾಗಿ, ಜನಸಂಖ್ಯೆ ಇಳಿದು, ಮನೆಗಳು ಖಾಲಿಯಾಗಿ, ಬಾಡಿಗೆ ಕುಸಿದು, ರಿಪೇರಿ ನಿಂತಿತು. 1972ರಲ್ಲಿ ಮೊದಲ ಕಟ್ಟಡಗಳನ್ನು ಸ್ಫೋಟಿಸಿ ಉರುಳಿಸಲಾಯಿತು, ಕಟ್ಟಿ ಇಪ್ಪತ್ತು ವರ್ಷವೂ ಆಗಿರಲಿಲ್ಲ. ನಿಮ್ಮ ಹೊಸ ಬಡಾವಣೆಯ ಲಿಫ್ಟು, ನೀರೆತ್ತುವ ಪಂಪು, ಕೊಳಚೆ ನೀರಿನ ಘಟಕಗಳನ್ನು ಹದಿನೈದನೇ ವರ್ಷದಲ್ಲಿ ಯಾರು, ಯಾವ ಹಣದಿಂದ ನಡೆಸುತ್ತಾರೆ ಎಂಬ ಪ್ರಶ್ನೆಗೆ ಉದ್ಘಾಟನೆಯ ಫಲಕದಲ್ಲಿ ಉತ್ತರವಿರುವುದಿಲ್ಲ.

ಗ್ರೆನ್‌ಫೆಲ್ ಟವರ್‌ನ ವಿಷಯವನ್ನು ಹೇಳದೆ ಈ ಭಾಗವನ್ನು ಮುಗಿಸಲಾಗದು. ಲಂಡನ್ನಿನ ಆ 24 ಅಂತಸ್ತಿನ ಕಟ್ಟಡವನ್ನು ಕೆಡವಿರಲಿಲ್ಲ, ನವೀಕರಿಸಿದ್ದರು; ಕೆಲಸ 2016ರಲ್ಲಿ ಮುಗಿದಿತ್ತು. ಹೊರಗೋಡೆಗೆ ಸತುವಿನ ಹಲಗೆ ಹೊದಿಸುವುದೆಂದಿದ್ದ ಯೋಜನೆಯನ್ನು, ವೆಚ್ಚ ತಗ್ಗಿಸಲು, ಒಳಗೆ ಪಾಲಿಥೀನ್ ತುಂಬಿದ ಅಲ್ಯುಮಿನಿಯಂ ಹಲಗೆಗೆ ಬದಲಾಯಿಸಲಾಯಿತು. ಆ ಬದಲಾವಣೆಯಿಂದ ಉಳಿಯುವ ಹಣವೆಂದು ಕಾಗದಪತ್ರಗಳಲ್ಲಿದ್ದ ಮೊತ್ತ ಸುಮಾರು 2.9 ಲಕ್ಷ ಪೌಂಡ್. ನಿವಾಸಿಗಳ ಗುಂಪೊಂದು ಕಟ್ಟಡದ ಸುರಕ್ಷತೆಯ ಕುರಿತು ಮತ್ತೆ ಮತ್ತೆ ದೂರಿತ್ತು; ದೊಡ್ಡ ಅನಾಹುತವಾದ ಮೇಲೆಯೇ ಇವರ ಕಣ್ಣು ತೆರೆಯುವುದು ಎಂಬ ಅರ್ಥದ ಎಚ್ಚರಿಕೆಯನ್ನು 2016ರ ನವೆಂಬರ್‌ನಲ್ಲಿ ಬರೆದು ಪ್ರಕಟಿಸಿತ್ತು. ನಿರ್ವಹಣಾ ಸಂಸ್ಥೆಯ ಕಣ್ಣಿಗೆ ಅವರು ಕಿರಿಕಿರಿಯ ಜನರಾಗಿದ್ದರು. 2017ರ ಜೂನ್ 14ರಂದು ನಾಲ್ಕನೇ ಮಹಡಿಯ ಅಡುಗೆಮನೆಯೊಂದರಲ್ಲಿ ಹತ್ತಿದ ಬೆಂಕಿ ಆ ಹೊದಿಕೆಯ ಮೂಲಕ ಇಡೀ ಕಟ್ಟಡಕ್ಕೆ ವ್ಯಾಪಿಸಿ 72 ಜನ ಸತ್ತರು. 2024ರಲ್ಲಿ ಬಂದ ವಿಚಾರಣಾ ಆಯೋಗದ ಅಂತಿಮ ವರದಿಯು ಸರ್ಕಾರ, ಸ್ಥಳೀಯ ಆಡಳಿತ, ವಾಸ್ತುಶಿಲ್ಪಿಗಳು, ಗುತ್ತಿಗೆದಾರರು, ಹಲಗೆ ತಯಾರಕರು ಎಲ್ಲರ ಪಾಲನ್ನೂ ಬಿಡಿಸಿ ತೋರಿಸಿತು. ಆ ಸರಣಿಯಲ್ಲಿ ಪ್ರತಿಯೊಬ್ಬರೂ ಸುರಕ್ಷತೆಯ ಹೊಣೆ ಇನ್ನೊಬ್ಬರದು ಎಂದುಕೊಂಡಿದ್ದರು. ತಜ್ಞರು ಬೇಕಷ್ಟು ಮಂದಿ ಇದ್ದರು. ಪ್ರಶ್ನೆ ಕೇಳಿದವರು ಮಾತ್ರ ಅಲ್ಲಿ ಮಲಗಿ ಏಳುತ್ತಿದ್ದವರು.

ಇನ್ನು ಎಣಿಕೆಯ ಮಾತು. ಸಮೀಕ್ಷೆಯ ದಿನ ನಡೆಯುವುದನ್ನು ಹತ್ತಿರದಿಂದ ನೋಡಿದವರಿಗೆ ಪುನರಭಿವೃದ್ಧಿಯ ಅರ್ಧ ಜಗಳ ಎಲ್ಲಿ ಹುಟ್ಟುತ್ತದೆಂದು ಗೊತ್ತು. ನಮೂನೆ ಹಿಡಿದ ಸಿಬ್ಬಂದಿ ಬೆಳಗ್ಗೆ ಹನ್ನೊಂದಕ್ಕೆ ಬರುತ್ತಾರೆ. ದುಡಿಯಲು ಹೋದವರ ಬಾಗಿಲಿಗೆ ಬೀಗ. ನಮೂನೆಯಲ್ಲಿ ‘ಬೀಗ ಹಾಕಿದೆ’ ಎಂಬ ಷರಾ ಬೀಳುತ್ತದೆ. ಅರ್ಹರ ಪಟ್ಟಿ ತಯಾರಾದಾಗ ಆ ಷರಾ ‘ವಾಸವಿಲ್ಲ’ ಎಂದಾಗಿರುತ್ತದೆ. ಮಾಲೀಕರ ಹೆಸರಿನಲ್ಲಿ ಒಂದು ಮನೆ, ಆದರೆ ಒಳಗೆ ಮೂರು ಬಾಡಿಗೆ ಕುಟುಂಬಗಳು. ಪಟ್ಟಿಗೆ ಬರುವುದು ಒಂದೇ ಹೆಸರು. ಕೆಳಗೆ ಹೊಲಿಗೆ ಅಂಗಡಿ, ಆತನಿಗೆ ಮನೆ ಬೇರೆಡೆ, ಹಾಗಾಗಿ ಆತ ಪಟ್ಟಿಯಲ್ಲೇ ಇಲ್ಲ. ದಕ್ಷಿಣ ಕೊರಿಯಾದ ಸೋಲ್ ನಗರದ ಯೊಂಗ್‌ಸಾನ್ ಪ್ರದೇಶದಲ್ಲಿ ಅಂಗಡಿ ಬಾಡಿಗೆದಾರರು ಪ್ರತಿಭಟಿಸಿದ್ದು ಇದೇ ಕಾರಣಕ್ಕೆ. ಅಂಗಡಿ ಹಿಡಿಯುವಾಗ ಹಿಂದಿನ ಬಾಡಿಗೆದಾರರಿಗೆ ಕೊಟ್ಟಿದ್ದ ದೊಡ್ಡ ಮೊತ್ತದ ಪಗಡಿ ಪರಿಹಾರದ ಲೆಕ್ಕಕ್ಕೆ ಬಂದಿರಲಿಲ್ಲ. 2009ರ ಜನವರಿ 20ರಂದು ಪೊಲೀಸರು ಅವರು ಏರಿ ಕುಳಿತಿದ್ದ ಕಟ್ಟಡದ ಮಾಳಿಗೆಗೆ ನುಗ್ಗಿದಾಗ ಹತ್ತಿದ ಬೆಂಕಿಯಲ್ಲಿ ಐವರು ಪ್ರತಿಭಟನಾಕಾರರೂ ಒಬ್ಬ ಪೊಲೀಸನೂ ಸತ್ತರು. ಪಟ್ಟಿಯ ಒಂದು ಅಂಕಣ ಬೇರೆ ಥರ ಇದ್ದಿದ್ದರೆ ಅವರು ಆ ಮಾಳಿಗೆಯನ್ನು ಏರುತ್ತಲೇ ಇರಲಿಲ್ಲವೇನೋ.

ಸಾರ್ವಜನಿಕ ಸಭೆ ನಡೆಸಿದ್ದೇವಲ್ಲ, ಅಹವಾಲು ಕೇಳಿದ್ದೇವಲ್ಲ ಎಂದು ಆಡಳಿತ ಹೇಳುತ್ತದೆ. ನಾಗರಿಕರ ಪಾಲ್ಗೊಳ್ಳುವಿಕೆಗೆ ಎಂಟು ಮೆಟ್ಟಿಲಿನ ಏಣಿಯೊಂದನ್ನು 1969ರಲ್ಲಿ ಶೆರಿ ಆರ್ನ್‌ಸ್ಟೀನ್ ಎಂಬ ಅಮೆರಿಕದ ಅಧಿಕಾರಿ ರೂಪಿಸಿದರು. ಅದರ ಕೆಳಗಿನ ಮೆಟ್ಟಿಲುಗಳಲ್ಲಿ ಜನರನ್ನು ಒಪ್ಪಿಸುವ ನಾಟಕ, ನಡುವಿನವುಗಳಲ್ಲಿ ಮಾಹಿತಿ ಕೊಡುವುದು, ಅಭಿಪ್ರಾಯ ಕೇಳಿಕೊಳ್ಳುವುದು, ಮೂಗಿಗೆ ತುಪ್ಪ ಸವರುವುದು. ಅಧಿಕಾರದಲ್ಲಿ ನಿಜವಾದ ಪಾಲು ಸಿಗುವುದು ಮೇಲಿನ ಮೂರರಲ್ಲಿ ಮಾತ್ರ. ಸಭೆ ನಡೆದಿದೆ ಎಂಬುದಕ್ಕಿಂತ, ಸಭೆಯಿಂದಾಗಿ ನಕ್ಷೆಯಲ್ಲಿ ಏನು ಬದಲಾಯಿತು ಎಂದು ಕೇಳಿದರೆ ನಿಮ್ಮ ಊರಿನ ಸಭೆ ಯಾವ ಮೆಟ್ಟಿಲಿನದೆಂದು ಗೊತ್ತಾಗುತ್ತದೆ. ದಕ್ಷಿಣ ಆಫ್ರಿಕಾದ ಜೋಹಾನ್ಸ್‌ಬರ್ಗ್ ನಗರಾಡಳಿತವು ನಗರ ಕೇಂದ್ರದ ಪುನಶ್ಚೇತನದ ಅಂಗವಾಗಿ, ಅಪಾಯಕಾರಿ ಎನ್ನಲಾದ ಕಟ್ಟಡಗಳಿಂದ 400ಕ್ಕೂ ಹೆಚ್ಚು ಜನರನ್ನು ಹೊರಹಾಕಲು ಹೊರಟಾಗ, ಅಲ್ಲಿನ ಸಂವಿಧಾನ ನ್ಯಾಯಾಲಯವು 2008ರ ತೀರ್ಪಿನಲ್ಲಿ, ನಿವಾಸಿಗಳೊಂದಿಗೆ ಅರ್ಥಪೂರ್ಣ ಮಾತುಕತೆ ನಡೆಸದೆ ನಗರಾಡಳಿತ ಅವರನ್ನು ತೆರವು ಮಾಡಲು ಹೊರಡುವಂತಿಲ್ಲ ಎಂದಿತು. ಆ ತೀರ್ಪಿನಲ್ಲಿ ನನಗೆ ಬಹಳ ಉಪಯುಕ್ತವೆನಿಸಿದ್ದು ಒಂದು ಸಣ್ಣ ಸಂಗತಿ: ಮಾತುಕತೆ ನಡೆದ ಬಗೆಯ ಪೂರ್ಣ ಮತ್ತು ನಿಖರ ವಿವರವನ್ನು ಆಡಳಿತವು ನ್ಯಾಯಾಲಯದ ಮುಂದಿಡಬೇಕು. ಅಂದರೆ ನಡಾವಳಿ ಬರೆದಿರಬೇಕು. ನೀವು ಹೋಗುವ ಪ್ರತಿ ಸಭೆಯ ನಡಾವಳಿಯ ಪ್ರತಿಯನ್ನು ಪಡೆದು, ನೀವು ಆಡಿದ ಮಾತು ಅದರಲ್ಲಿ ಇದೆಯೇ ಎಂದು ನೋಡುವುದು ಹೊಣೆಗಾರಿಕೆಯ ತೀರಾ ಅಗ್ಗದ, ತೀರಾ ಪರಿಣಾಮಕಾರಿ ಉಪಾಯ.

ಇದೆಲ್ಲದರಿಂದ ತಡವಾಗುತ್ತದೆ ಎಂಬುದು ನಿಜ. ಟೋಕಿಯೊದ ರೊಪ್ಪೊಂಗಿ ಹಿಲ್ಸ್ ಯೋಜನೆಗೆ 1986ರಲ್ಲಿ ಚಾಲನೆ ಸಿಕ್ಕಿ, ಸುಮಾರು 400 ಭೂಮಾಲೀಕರನ್ನು ಒಪ್ಪಿಸುತ್ತ ಒಪ್ಪಿಸುತ್ತ ಅದು ಬಾಗಿಲು ತೆರೆದದ್ದು 2003ರಲ್ಲಿ. ಹದಿನೇಳು ವರ್ಷ ಬಹಳವೇ. ಆದರೆ ಆತುರದಿಂದ ಕೆಡವಿದ ಫೋರ್ಟ್ ಟ್ರಂಬುಲ್‌ನಲ್ಲಿ ಅಷ್ಟೇ ವರ್ಷ ಕಳೆದರೂ ಇದ್ದದ್ದು ಹುಲ್ಲು. ಲಂಡನ್ನಿನಲ್ಲಿ 2018ರ ಜುಲೈನಿಂದ, ಸಾಮಾಜಿಕ ವಸತಿಗಳನ್ನು ಕೆಡವುವ ದೊಡ್ಡ ಯೋಜನೆಗೆ ಮೇಯರ್ ಕಚೇರಿಯ ಹಣ ಬೇಕಾದರೆ ನಿವಾಸಿಗಳ ಮತದಾನದಲ್ಲಿ ಗೆಲ್ಲಬೇಕು. ಈ ನಿಯಮ ಬಂದರೆ ಯೋಜನೆಗಳೇ ನಿಂತುಹೋಗುತ್ತವೆ ಎಂದು ಅನೇಕರು ಭಯಪಟ್ಟಿದ್ದರು. ಆಮೇಲೆ ನಡೆದ ಮತದಾನಗಳಲ್ಲಿ ಬಹುಪಾಲು ನಿವಾಸಿಗಳು ಒಪ್ಪಿಗೆಯನ್ನೇ ಕೊಟ್ಟರು. ಮರಳಿ ಬರುವ ಹಕ್ಕು, ಬಾಡಿಗೆಯ ಮಿತಿ, ಮನೆಯ ಅಳತೆ ಎಲ್ಲವನ್ನೂ ಬರೆದು ಕೈಗೆ ಕೊಟ್ಟು ಕೇಳಿದಾಗ, ಸೋರುವ ಮನೆಯಲ್ಲಿರುವವರು ಹೊಸ ಮನೆ ಬೇಡವೆನ್ನಲು ಕಾರಣವೇನಿದೆ?

ಲೆಕ್ಕ ಕೇಳುವವರೆಲ್ಲ ಯಾವಾಗಲೂ ಸರಿ ಎಂದು ನಾನು ಹೇಳುತ್ತಿಲ್ಲ. ಸ್ವಂತ ಮನೆಯುಳ್ಳವರು, ತಮ್ಮ ಬೀದಿಗೆ ಬಡವರು ಬರಬಾರದೆಂದೋ ತಮ್ಮ ಕಿಟಕಿಯ ಗಾಳಿ ಬೆಳಕಿಗೆ ಅಡ್ಡಿಯೆಂದೋ, ಹೊಸ ಮನೆಗಳನ್ನೇ ತಡೆಯಲು ಹೊಣೆಗಾರಿಕೆಯ ಭಾಷೆಯನ್ನು ಚೆನ್ನಾಗಿ ಬಳಸುತ್ತಾರೆ. ಸಭೆಗೆ ಬಿಡುವು ಮಾಡಿಕೊಂಡು ಬರುವವರೂ, ವಕೀಲರನ್ನು ಇಡಬಲ್ಲವರೂ ಅವರೇ. ಇಬ್ಬರನ್ನು ಬೇರ್ಪಡಿಸಲು ನಾನು ಬಳಸುವ ಒರೆಗಲ್ಲು ಸರಳ. ಉತ್ತರ ಸಿಕ್ಕಿದ ಮೇಲೆ ತೃಪ್ತರಾಗಬಲ್ಲ ಪ್ರಶ್ನೆ ಕೇಳುತ್ತಿದ್ದಾರೆಯೇ, ಅಥವಾ ಒಂದಕ್ಕೆ ಉತ್ತರ ಬಂದೊಡನೆ ಇನ್ನೊಂದನ್ನು ಹುಡುಕುತ್ತಿದ್ದಾರೆಯೇ? ಕಡತ ತೋರಿಸಿ, ಲೆಕ್ಕ ಕೊಡಿ ಎನ್ನುವವರು ನೀವು ಬರೆದ ಮಟ್ಟಿಗೆ ಮೊದಲನೆಯ ಗುಂಪಿನವರಂತೆ ಕಾಣುತ್ತಾರೆ. ಕಡತ ಸರಿಯಾಗಿದ್ದರೆ ಅದನ್ನು ತೋರಿಸುವುದಕ್ಕೆ ಒಂದು ಮಧ್ಯಾಹ್ನ ಸಾಕು.

ನಿಮ್ಮ ನೆರೆಯವರಿಗೆ ನೀವು ನೆರವಾಗುವುದಾದರೆ ಎಲ್ಲವನ್ನೂ ಒಟ್ಟಿಗೆ ಕೇಳಬೇಡಿ, ಆಗ ಉತ್ತರವೂ ಒಟ್ಟಾರೆಯಾಗಿಯೇ ಬರುತ್ತದೆ. ಬಡಾವಣೆಯನ್ನು ಶಿಥಿಲವೆಂದು ಸಾರಿದ ಠರಾವು ಮತ್ತು ಅದಕ್ಕೆ ಆಧಾರವಾದ ಎಂಜಿನಿಯರ್ ವರದಿಯ ಪ್ರತಿಯನ್ನು ಮೊದಲು ಲಿಖಿತವಾಗಿ ಕೇಳಿ, ಅರ್ಜಿ ತಲುಪಿದ್ದಕ್ಕೆ ಸ್ವೀಕೃತಿ ಪಡೆಯಿರಿ. ಅದರೊಂದಿಗೆ ಅರ್ಹರ ಕರಡು ಪಟ್ಟಿಯನ್ನು ಕೇಳಿ, ಬೀಗ ಹಾಕಿದ್ದ ಮನೆಗಳಿಗೆ ಎರಡನೇ ಭೇಟಿ ಯಾವಾಗ ಎಂದು ವಿಚಾರಿಸಿ, ಪಟ್ಟಿಯನ್ನು ಹಿಡಿದು ನೀವೇ ಒಮ್ಮೆ ಬೀದಿ ಬೀದಿ ನಡೆದು ಬಾಡಿಗೆದಾರರನ್ನೂ ಅಂಗಡಿಯವರನ್ನೂ ಎಣಿಸಿ. ಒಡಂಬಡಿಕೆಯ ಕರಡು ಮತ್ತು ಕಾರ್ಯಸಾಧ್ಯತೆಯ ಲೆಕ್ಕವನ್ನು ಆಮೇಲಿನ ಅರ್ಜಿಗಿಡಿ, ಅವುಗಳಿಗೆ ವ್ಯಾಪಾರ ಗೋಪ್ಯತೆಯ ನೆಪ ಬರುವುದು ಖಂಡಿತ, ಓಡಾಟ ಬೇಕಾಗುತ್ತದೆ. ಆಕ್ಷೇಪಣೆ ಸಲ್ಲಿಸಲು ಕೊನೆಯ ದಿನ ಯಾವುದೆಂದು ನೀವು ಬರೆದಿಲ್ಲ. ಪ್ರಕಟಣೆಯ ಕೊನೆಯಲ್ಲಿ, ಸಣ್ಣ ಅಕ್ಷರದಲ್ಲಿ ಅದು ಇರುತ್ತದೆ, ಉಳಿದೆಲ್ಲಕ್ಕಿಂತ ಮೊದಲು ಇವತ್ತೇ ಅದನ್ನು ನೋಡಿಕೊಳ್ಳಿ.